ಬುಟ್ಟಿಯ ಅಡಿಯ ಮನೆ

ನನ್ನ ಮೇಜಿನ ಖಾನೆಯಲ್ಲಿ ನಲವತ್ತೊಂದು ಬೀಗದಕೈ.
ಏಳು ಪರ್ಸೆಂಟಿನ ಮನೆಗಳಿಗೆ ಕೈಯೇ ಇಲ್ಲ,
ಅವಿನ್ನೂ ಹುಟ್ಟಿಲ್ಲ, ಬಣ್ಣದ ಪುಸ್ತಿಕೆಗಳಾಗಿ ಎಲ್ಲಕ್ಕಿಂತ ಮೇಲಿವೆ.
ನಾಲ್ಕರವು ಕೈಗೆ ಸಿಗುವ ಹಾಗೆ.
ಒಂದರದ್ದು ಒಂದೇ ಒಂದು,
ಸ್ಟೇಪ್ಲರ್ ಪಿನ್ನು, ಹಳೆ ಪಾರ್ಕಿಂಗ್ ಚೀಟಿಗಳ ಕೆಳಗೆ.

ಸುಳ್ಳು ಹೇಳುವವನಲ್ಲ ನಾನು.
ತೋರಿಸುವುದಕ್ಕೊಂದು ಕ್ರಮ ಇಟ್ಟುಕೊಂಡಿದ್ದೇನೆ, ಅಷ್ಟೆ.

ಬೆಳಿಗ್ಗೆ ಹತ್ತಕ್ಕೆ, ಅಜ್ಮಾನಿನ ಬಿಸಿಲು ಇನ್ನೂ ಹಲ್ಲು ತೋರದಿರುವಾಗ,
ಹುಟ್ಟದ ಮನೆಗೆ ಕರೆದೊಯ್ಯುತ್ತೇನೆ.
ಅಲ್ಲಿರುವುದು ಮರಳು, ತಗಡಿನ ಬೇಲಿ, ಬಾವುಟ;
ತಂಪು ಡೇರೆಯೊಳಗೆ ಗಾಜಿನ ಪೆಟ್ಟಿಗೆ,
ಪೆಟ್ಟಿಗೆಯೊಳಗೆ ಮೂವತ್ತಾರು ಮಾಳಿಗೆ,
ಬೆಂಕಿಕಡ್ಡಿಯಷ್ಟು ಖರ್ಜೂರದ ಮರ,
ಅಕ್ಕಿಕಾಳಿನಷ್ಟು ಮನುಷ್ಯರು.
ಸಮುದ್ರ ಕಾಣುತ್ತದಾ ಎಂದು ಕೇಳಿದರೆ
ಇಪ್ಪತ್ತರ ಮೇಲೆ, ಅನ್ನುತ್ತೇನೆ. ಅದೂ ನಿಜ.
ಇಪ್ಪತ್ತನೆಯ ಮಾಳಿಗೆ ಸದ್ಯಕ್ಕೆ ಬರೀ ಗಾಳಿ.
ಗಾಳಿಗೆ ಎಲ್ಲವೂ ಕಾಣುತ್ತದೆ.

ಹನ್ನೆರಡಕ್ಕೆ ನಾಲ್ಕರ ಮನೆಗಳು:
ಲಿಫ್ಟಿನಲ್ಲಿ ಬಖೂರಿನ ಘಮ, ಲಾಬಿಯಲ್ಲಿ ಕಾರಂಜಿ.
ಎರಡೂವರೆಗೆ, ಹೊಟ್ಟೆ ಹಸಿದು ಕಾಲು ಊದಿದ ಮೇಲೆ,
ಕೇಳಿದರೆ ಮಾತ್ರ, ಒಂದರ ಮನೆ.

ಅದು ರಾಶಿದಿಯಾದಲ್ಲಿ, ಆರನೇ ಮಾಳಿಗೆ.
ಸೂಡಾನಿನ ಲೆಕ್ಕದ ಮೇಷ್ಟ್ರು, ಉಸ್ತಾದ್ ತಯ್ಯಿಬರದ್ದು.
"ಒಂದೇ ಪರ್ಸೆಂಟು ಮಗನೇ,
ಬೆಲೆಯಲ್ಲೂ ನಾನು ಗಾಳಿ ತುಂಬಿಲ್ಲ" ಎಂದಿದ್ದರು.
ಹನ್ನೊಂದು ತಿಂಗಳಿಂದ ಪ್ರತಿ ಗುರುವಾರ ಫೋನು:
ಯಾರಾದರೂ ನೋಡಿದರಾ?
ಮಾರ್ಕೆಟ್ಟು ಡಲ್ಲು, ಉಸ್ತಾದ್.

ಪ್ರೆಸಿಲ್ಲಾ ಬಾಯಿ ಶಿರ್ವದವರು, ನರ್ಸು.
ಇಪ್ಪತ್ತಮೂರು ವರ್ಷ ರಾತ್ರಿಪಾಳಿ.
ಹಗಲು ಮಲಗಲು ಕತ್ತಲ ಕೋಣೆ, ಅಡುಗೆಮನೆಗೆ ಕಿಟಕಿ,
ಕೇಳಿದ್ದು ಇಷ್ಟೇ.
ಗಾಜಿನ ಪೆಟ್ಟಿಗೆಯನ್ನು ಒಂದು ಸುತ್ತು ಬಂದರು,
ಕೇಸರಿಯ ಗಾವಾ ಕುಡಿದು ಫಿಂಜಾನು ಅಲ್ಲಾಡಿಸಿ ಸಾಕೆಂದರು,
ಕಾರಂಜಿಯ ತಾವರೆಯನ್ನು ಮಗುಚಿ ಪ್ಲಾಸ್ಟಿಕ್ಕೆಂದು ಖಾತ್ರಿ ಮಾಡಿಕೊಂಡರು.
ಆಮೇಲೆ ಕಾರಿನಲ್ಲಿ, ಬೆಲ್ಟು ಎಳೆದುಕೊಳ್ಳುತ್ತ,
"ನೀನು ಗಂಗೊಳ್ಳಿಯವನಲ್ಲವಾ?
ಬುಟ್ಟಿಯ ಅಡಿಯದ್ದನ್ನು ತೋರಿಸು."

ನನ್ನ ಅಬ್ಬೆ ಬಂದರಿನಲ್ಲಿ ಮೀನು ಮಾರಿದವಳು.
ಮೇಲೆ ಇವತ್ತಿನ ಬಂಗುಡೆ, ಅಡಿಗೆ ನಿನ್ನೆಯದು, ನಡುವೆ ಐಸು.
ಗಿರಾಕಿ ಹೀಗೆ ಕೇಳಿದಾಗ
ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.
ನನ್ನದೂ ನಿಂತಿತು, ಗೇರಿನ ಮೇಲೆ.
ನನ್ನ ಬುಟ್ಟಿ ಮಾತ್ರ ತಲೆಕೆಳಗು, ಅಬ್ಬೆ:
ತಾಜಾ ಇರುವುದು ಅಡಿಯಲ್ಲಿ.

ಬಾಗಿಲು ತೆರೆದೆ. ಒಲೆಯ ಬಾಯಿಯಂಥ ಸೆಕೆ.
ಕರೆಂಟಿಲ್ಲ, ಅಂದೆ.
ಅವರು ಮಾತಾಡಲಿಲ್ಲ. ಬಾಗಿಲ ಹಿಂದಿನ ತಗಡಿನ ಮುಚ್ಚಳ ತೆಗೆದು,
ಸಾಲಾಗಿ ಮಲಗಿದ್ದ ಸ್ವಿಚ್ಚುಗಳನ್ನು
ನಾಡಿ ಹಿಡಿಯುವ ಬೆರಳಿನಿಂದ
ಒಂದೊಂದೇ ಎಬ್ಬಿಸಿದರು.
ಫ್ರಿಜ್ಜು ನರಳಿತು. ಏಸಿ ಕೆಮ್ಮಿ ಉಸಿರೆಳೆದುಕೊಂಡಿತು.
ಅವನ್ನು ಮಲಗಿಸಿದ್ದು ನಾನೇ,
ಅವತ್ತು ಬೆಳಿಗ್ಗೆ ಎಂಟಕ್ಕೆ ಬಂದು.

ಅಡುಗೆಮನೆಯ ಕಿಟಕಿಯಿಂದ ಸಮುದ್ರವಿಲ್ಲ;
ಪಕ್ಕದ ತಾರಸಿಯ ನೀರಿನ ಟ್ಯಾಂಕು, ಎರಡು ಪಾರಿವಾಳ,
ಲುಂಗಿ ಒಣಹಾಕುತ್ತಿದ್ದ ಯಾರೋ.
ಮಲಗುವ ಕೋಣೆಗೆ ಎದುರು ಗೋಡೆ.
ಅದರೊಳಗೆ ಹೋಗಿ ಬಾಗಿಲು ಹಾಕಿಕೊಂಡರು,
ನಾನು ಎರಡು ಸಲ ಗಡಿಯಾರ ನೋಡುವಷ್ಟು ಹೊತ್ತು.
ಹೊರಬಂದಾಗ ಮುಖದಲ್ಲಿ ಕಣ್ಣುಜ್ಜಿದ ಗುರುತು.

"ಇದರಲ್ಲಿ ನಿನಗೆಷ್ಟು?"
ಒಂದು.
"ಆ ಗಾಜಿನ ಪೆಟ್ಟಿಗೆಯದರಲ್ಲಿ?"
ಏಳು.
ಬೈಯಲಿಲ್ಲ, ನಗಲೂ ಇಲ್ಲ.
"ನೀನಿರುವುದೆಲ್ಲಿ?"
ನುಐಮಿಯಾ. ಬೆಡ್‌ಸ್ಪೇಸು. ಮೇಲಿನ ಮಂಚ.
ಬ್ಯಾಗಿನಿಂದ ಅರ್ಧ ಬಿಸ್ಕೆಟ್ ಪೊಟ್ಟಣ ತೆಗೆದು
ನನ್ನ ಕೈಗಿಟ್ಟರು, ಡ್ಯೂಟಿ ಮುಗಿಸುವ ನರ್ಸು
ಮುಂದಿನ ಪಾಳಿಗೆ ಕೊಡುವ ಹಾಗೆ.

ಈ ಗುರುವಾರ ಫೋನು ನಾನೇ ಮಾಡಿದೆ.
"ಗೊತ್ತು," ಎಂದರು ಉಸ್ತಾದ್, "ಮಾರ್ಕೆಟ್ಟು ಡಲ್ಲು."
ಇಲ್ಲ ಎನ್ನಲು ನನಗೆ ತುಸು ಹೊತ್ತು ಬೇಕಾಯಿತು.

ಖಾನೆಯಲ್ಲಿ ಈಗ ನಲವತ್ತು.
ಪುಸ್ತಿಕೆಗಳು ಮೇಲೆಯೇ ಇವೆ.
ನಾಳೆ ಹತ್ತಕ್ಕೆ ಕೊಲ್ಹಾಪುರದ ಸಂಸಾರವೊಂದು ಬರಲಿದೆ,
ಕಡಲು ಕಾಣುವ ಮನೆ ಬೇಕಂತೆ.